ಝಡತಿ

ಮೂವತ್ತೊಂದು ವರ್ಷ, ದಿನಕ್ಕೊಂದು ಸಲ,
ಖಡಕಿಯ ಕಾರ್ಖಾನೆಯ ಗೇಟಿನಲ್ಲಿ
ಕೈ ಎರಡೂ ಮೇಲೆತ್ತಿ ನಿಂತವನು ನಾನು.
ಜೇಬು, ನಡು, ಬುತ್ತಿಯ ಡಬ್ಬಿ, ಚಪ್ಪಲಿಯ ಅಡಿ.
ಹಿತ್ತಾಳೆಯ ಒಂದು ಚೂರೂ ಹೊರಗೆ ಹೋಗಬಾರದು.
ಝಡತಿ ಅನ್ನುತ್ತಿದ್ದರು ಅದಕ್ಕೆ. ಹೆಂಡತಿ ಅನ್ನುತ್ತಿದ್ದಳು,
ಮನೆಗೆ ಬಂದರೂ ಕೈ ಮೇಲೇ ಇರುತ್ತಾವಲ್ಲ ನಿಮ್ಮವು.

ನಿವೃತ್ತಿಯಾಗಿ ಇದು ನಾಲ್ಕನೇ ಭಾದ್ರಪದ.
ಡಿಂಭೆಯ ಹಿನ್ನೀರು ದಾಟಿ, ಇನ್ನೂ ದಾಟಿ,
ಎಸ್‌ಟಿ ಬಸ್ಸು ಕೊನೆಯ ವಾಡಿಯಲ್ಲಿ ಇಳಿಸಿತು.
ದಾರಿ ತೋರಿಸಲು ಹೌಸಾಬಾಯಿ ಲೋಹಕರೆ ಬಂದಳು:
ನನಗಿಂತ ಆರು ವರ್ಷ ದೊಡ್ಡವಳು,
ಸೊಂಟಕ್ಕೆ ಕುಡುಗೋಲು, ಬಾಯಲ್ಲಿ ಮಿಶ್ರಿ,
ಕಾಲಲ್ಲಿ ಏನೂ ಇಲ್ಲ.

"ಬಿಚ್ಚು" ಅಂದಳು ನನ್ನ ಬೂಟು ನೋಡಿ.
ಲೇಸು ಕಟ್ಟಿ ಕೊರಳಿಗೆ ತೂಗುಹಾಕಿಕೊಂಡೆ.
ಒಂದು ಕಲ್ಲು, ಅದಕ್ಕಿಷ್ಟು ಸಿಂಧೂರ, ಅಷ್ಟೇ ಬಾಗಿಲು.
ಒಳಗೆ ಕಾಲಿಟ್ಟೊಡನೆ ಹಗಲು ಕುಗ್ಗಿತು.

ಅಂಥ ಮರಗಳನ್ನು ನಾನು ಅಳೆದಿರಲಿಲ್ಲ.
ನನ್ನದು ಮೈಕ್ರೊಮೀಟರಿನ ಕೈ,
ಕೂದಲಿನ ಎಂಟನೇ ಒಂದು ಪಾಲು ತಪ್ಪಿದರೂ
ಗುಜರಿಗೆ ಎಸೆದ ಕೈ.
ಇಲ್ಲಿ ಒಂದು ನೇರಳೆಯ ಬುಡ ತಬ್ಬಲು ಹೋಗಿ
ಕೆನ್ನೆಗೆ ಪಾಚಿ ಹತ್ತಿತು, ಕೈ ಕೂಡಲಿಲ್ಲ.
ಹೌಸಾಬಾಯಿ ಆಚೆಯಿಂದ ತಬ್ಬಿದಳು. ಆಗಲೂ
ಎರಡೂ ಕಡೆ ಒಂದೊಂದು ಗೇಣು ಕತ್ತಲೆ ಉಳಿಯಿತು.
ಗಾರಂಬಿ ಬಳ್ಳಿ ಮರದಿಂದ ಮರಕ್ಕೆ ದಾಟಿ ದಾಟಿ
ತಾನು ಹುಟ್ಟಿದ್ದೆಲ್ಲಿ ಎಂಬುದನ್ನೇ ಮರೆತಿತ್ತು.
ಮೇಲೆಲ್ಲೋ ಕೆಂದಳಿಲು ಕಟಕಟ ಬೈದು
ಅರ್ಧ ತಿಂದ ಕಾಯಿ ನಮ್ಮ ನಡುವೆ ಉದುರಿಸಿತು.

ಏರು ಶುರುವಾದಾಗ ಮೊಣಕಾಲು ತಕರಾರು ತೆಗೆಯಿತು.
ಬಿದ್ದಿದ್ದ ಒಂದು ಕೋಲು ಎತ್ತಿಕೊಂಡೆ,
ಒಣಗಿದ್ದು, ನೆಟ್ಟಗಿನದು,
ಲೇತಿನಲ್ಲಿ ನನಗೆಂದೇ ತಿರುಗಿಸಿದ ಹಾಗಿತ್ತು.
ಕಾಡಿನ ಅಂಚಿನವರೆಗೆ ಆಕೆ ಏನೂ ಅನ್ನಲಿಲ್ಲ.
ಅಂಚಿನಲ್ಲಿ ಇನ್ನೊಂದು ಕಲ್ಲು. ಅಲ್ಲಿ ನಿಂತು
ಕೈ ಚಾಚಿದಳು.

"ಭೈರೋಬಾನದು. ಕಡ್ಡಿ ಸಹ ಹೊರಗೆ ಹೋಗೂದಿಲ್ಲ."
"ಸತ್ತ ಕಟ್ಟಿಗೆ, ಬಾಯಿ."
"ಸತ್ತದ್ದೂ ಅವನದೇ. ನನ್ನ ಗಂಡನ ಚಿತೆಗೂ
ಇಲ್ಲಿಂದ ಒಂದು ಕೊಂಬೆ ಮುಟ್ಟಲಿಲ್ಲ.
ಆಷಾಢದ ಮಳೆ. ಹರದಾರಿ ಆಚೆಯಿಂದ ಹೊತ್ತು ತಂದೆವು."

ಕೋಲು ಇಟ್ಟೆ. ಇಟ್ಟವನು, ನಗಬೇಡಿ,
ಕೈ ಎರಡೂ ಮೇಲೆತ್ತಿ ನಿಂತೆ.
ಆಕೆಯೂ ನಗಲಿಲ್ಲ.
ಕುಡುಗೋಲಿನ ಹಿಡಿ ನನ್ನ ಕಡೆ ತಿರುಗಿಸಿ
ಅಲಗನ್ನು ಸೆರಗಲ್ಲಿ ಸುತ್ತಿ ತಾನು ಹಿಡಿದು
ಮುಂದೆ ನಡೆದಳು. ಹಾಗೆ ಏರಿದೆ.

ಮೊದಲು ಮರಗಳು ಗಿಡ್ಡವಾದವು,
ಆಮೇಲೆ ಗುರಿಗೆಯ ಪೊದೆ, ಆಮೇಲೆ ಬರೀ ಕಲ್ಲು,
ನೀರು ಜಿನುಗುವ ಕರಿಕಲ್ಲು,
ಆಮೇಲೆ ಮೇಲೆ ಏನೂ ಇಲ್ಲ.

ಹುಲ್ಲು.
ಗಾಳಿ ತಿರುಗಿದತ್ತ ತಿರುಗುವ ಹುಲ್ಲು, ನಡುವೆ ಸೋನಕಿಯ ಹಳದಿ,
ಗೌರಿಹೂವು, ಕಲ್ಲಿನ ಕುಳಿಯ ಬೊಗಸೆ ನೀರಲ್ಲಿ
ಸೀತೆಯ ಕಣ್ಣೀರೆಂಬ ನೀಲಿ ಚುಕ್ಕೆ.
ಅದು ಹುಳ ತಿನ್ನುತ್ತದಂತೆ. ತಿನ್ನಲಿ,
ಅಷ್ಟು ಅತ್ತವಳಿಗೆ ಹಸಿವಾಗುವುದಿಲ್ಲವೇ.
ಹತ್ತು ಹೆಜ್ಜೆ ಮುಂದೆ ನೆಲ ಮುಗಿದಿತ್ತು.
ಕೆಳಗೆ ಕೊಂಕಣ ಇರಬೇಕು. ಕಂಡದ್ದು ಮೋಡ ಮಾತ್ರ,
ಕೆಳಗಿನಿಂದ ಮೇಲೆ ಬರುವ ಮೋಡ,
ಹಾಲು ಉಕ್ಕುವಷ್ಟೇ ಅವಸರದಲ್ಲಿ.

ಆಕೆ ಚಂಚಿ ಬಿಚ್ಚಿ ಒಣಗಿದ ಕಾಯಿ ಕೊಟ್ಟಳು, ಹಿರ್ಡಾ.
ಕಚ್ಚಿದೆ. ಆ ಒಗರು! ತೇಯುವ ಕಲ್ಲು, ಅವ್ವನ ಬೆರಳು,
ತಮ್ಮನ ನಾಲಿಗೆಗೆ ಮೊದಲು, ಉಳಿದದ್ದು ನನಗೆ.
"ಅಳಲೆ" ಅಂದೆ. "ಅಳಲೆ" ಅಂದಳು ಆಕೆ,
ಮಿಶ್ರಿಯ ಬಾಯಲ್ಲಿ ಅದು ಬೇರೆಯೇ ಕಾಯಿ.
ಅದರ ಮೇಲೆ ಕುಡಿದ ನೀರು ಸಿಹಿಯಾಗಿತ್ತು.
ವ್ಯಾಪಾರಿ ಕಿಲೋಕ್ಕೆ ಎಷ್ಟು ಕೊಡುತ್ತಾನೆ, ಕೇಳಿದೆ.
ಹೇಳಿದಳು. ಇಬ್ಬರೂ ಮೋಡ ನೋಡಿದೆವು.

ಇಳಿಯುವಾಗ ಕೋಲು ಇಟ್ಟಲ್ಲೇ ಇತ್ತು.
ಈ ಕಲ್ಲಿನಿಂದ ಆ ಕಲ್ಲಿನವರೆಗೆ
ಅವನದನ್ನು ಅವನ ಮನೆಯೊಳಗೇ ಊರಿ ನಡೆದೆ.

ಬಸ್ಸು ಮಂಚರ್ ದಾಟಿದ ಮೇಲೆ ನೋಡುತ್ತೇನೆ,
ಪ್ಯಾಂಟಿನ ಮಡಿಕೆಯಲ್ಲಿ ಮುಳ್ಳುಬೀಜ,
ಒಂದಲ್ಲ, ಏಳೆಂಟು. ಹುಲ್ಲಿನವೋ, ಒಳಗಿನವೋ,
ಯಾವ ಕಲ್ಲು ದಾಟುವಾಗ ಹತ್ತಿದವೋ.
ಕೀಳಲು ಹೋದೆ. ಬಿಟ್ಟೆ.

ಖಡಕಿಯಲ್ಲಿ ಗೇಟಿನ ಮುಂದೆ ಬಸ್ಸು ನಿಧಾನಿಸಿತು,
ಎರಡನೇ ಪಾಳಿ ಬಿಡುವ ಹೊತ್ತು. ದೀಪದಡಿ ಸಾಲು, ಮೇಲೆತ್ತಿದ ಕೈಗಳು.
ನಾನು ಬಗ್ಗಿ
ಮಡಿಕೆಯ ಮೇಲೆ ಅಂಗೈ ಮುಚ್ಚಿಕೊಂಡು ಕೂತೆ.